ಅಪಾಸ್ಟ್ರಫಿ ಎಲ್ಲಿ ಹಾಕಬೇಕು? ಮೊದಲು ಕನ್ನಡದಲ್ಲಿ ಹೇಳಿ ನೋಡಿ

ಇಂಗ್ಲಿಷಿನಲ್ಲಿ ‘ಬಾಯ್ಸ್’ ಅಂತ ಕಿವಿಗೆ ಬಿದ್ದರೆ ಅದು ಹುಡುಗರೋ, ಹುಡುಗನದೋ, ಹುಡುಗರದೋ ಗೊತ್ತಾಗುವುದಿಲ್ಲ. ಮೂರಕ್ಕೂ ಒಂದೇ ಉಚ್ಚಾರಣೆ. ಬರವಣಿಗೆಯಲ್ಲಿ ಇವನ್ನು ಬೇರೆ ಮಾಡುವುದು ಅಪಾಸ್ಟ್ರಫಿ ಎಂಬ ಪುಟ್ಟ ಗುರುತು. ಕನ್ನಡ ಬಲ್ಲವರಿಗೆ ಇದು ಸುಲಭ. ನಮ್ಮ ಷಷ್ಠಿ ವಿಭಕ್ತಿ ಈ ವ್ಯತ್ಯಾಸವನ್ನು ಬಾಯಲ್ಲೇ ಹೇಳಿಬಿಡುತ್ತದೆ.

ಮೊದಲು ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳಿ. ‘ಹುಡುಗರು ಬಂದರು’ ಎಂದರೆ ಸುಮ್ನೆ ಬಹುವಚನ. ಎಸ್ ಸಾಕು, ಗುರುತು ಬೇಡ. ಜಾಸ್ತಿ ಎಡವುವುದು ಇಲ್ಲೇ. ಫೋಟೋಸ್, ವಿಡಿಯೋಸ್ ಎಂದು ಬರೆಯುವಾಗ ಕೈ ತಾನಾಗಿ ಗುರುತು ಹಾಕಿಬಿಡುತ್ತದೆ. ಅಲ್ಲಿ ತಡೆಯಿರಿ.

ಆಮೇಲೆ ‘ಯಾರ?’ ಎಂದು ಕೇಳಿ. ಉತ್ತರದ ಪದವನ್ನು ಪೂರ್ತಿ ಬರೆದು, ಕೊನೆಯ ಅಕ್ಷರ ನೋಡಿ. ಹುಡುಗನ ಚೀಲವಾದರೆ ‘ಬಾಯ್’ ಬರೆದು ಗುರುತು, ನಂತರ ಎಸ್: ಬಾಯ್’ಸ್ ಬ್ಯಾಗ್. ಹುಡುಗರ ಚೀಲವಾದರೆ ‘ಬಾಯ್ಸ್’ನಲ್ಲಿ ಎಸ್ ಆಗಲೇ ಇದೆ, ಗುರುತು ಮಾತ್ರ ಸಾಕು: ಬಾಯ್ಸ್’ ಬ್ಯಾಗ್. ಚಿಲ್ಡ್ರನ್ ಬಹುವಚನವಾದರೂ ಕೊನೆಗೆ ಎಸ್ ಇಲ್ಲ. ಹಾಗಾಗಿ ಚಿಲ್ಡ್ರನ್’ಸ್. ಜೇಮ್ಸ್‌ನಂಥ ಹೆಸರಿಗೆ ಬರೀ ಗುರುತು ಹಾಕಿದರೂ ಸರಿ, ಇನ್ನೊಂದು ಎಸ್ ಸೇರಿಸಿದರೂ ಸರಿ. ನನಗೆ ಎರಡನೆಯದೇ ಇಷ್ಟ, ಬಾಯಲ್ಲಿ ಹೇಳುವುದೂ ಹಾಗೇ ತಾನೆ.

ದೊಡ್ಡ ತೊಡಕು ‘ಇಟ್ಸ್’. ‘ಅದರ’ ಎನ್ನುವಾಗ ಗುರುತು ಇಲ್ಲ, ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎನ್ನುವಾಗ ಇದೆ. ಅಲ್ಲಿ ಗುರುತು ಬಿಟ್ಟುಹೋದ ಅಕ್ಷರದ ಜಾಗ ಹಿಡಿದಿರುತ್ತದೆ. ಬೆಕ್ಕು ತನ್ನ ಬಾಲ ಆಡಿಸಿತು ಅಂತ ಬರೆಯುತ್ತಿದ್ದೀರಿ ಎನ್ನಿ. ಪದವನ್ನು ಬಿಡಿಸಿ ಓದಿ: ‘ಇಟ್ ಈಸ್ ಟೇಲ್’. ಅರ್ಥವೇ ಕೆಟ್ಟುಹೋಯಿತು, ಅಲ್ವಾ? ಹಾಗಾದರೆ ಗುರುತು ಬೇಡ. ಯುವರ್ಸ್, ಅವರ್ಸ್, ಹಿಸ್ ಕೂಡ ಹೀಗೇ; ಇಂಥ ಸರ್ವನಾಮಗಳಲ್ಲಿ ಒಡೆತನ ಮೊದಲೇ ಸೇರಿರುತ್ತದೆ.

ಇಬ್ಬರದೂ ಒಂದೇ ಮನೆಯಾದರೆ ಕೊನೆಯ ಹೆಸರಿಗಷ್ಟೇ ಗುರುತು: ಟಾಮ್ ಆ್ಯಂಡ್ ಮೇರಿ’ಸ್ ಹೌಸ್. ನಾವೂ ‘ಟಾಮ್ ಮತ್ತು ಮೇರಿಯ ಮನೆ’ ಎಂದೇ ಹೇಳುತ್ತೇವೆ. ಬೇರೆ ಬೇರೆ ಮನೆಗಳಾದರೆ ಇಬ್ಬರ ಹೆಸರಿಗೂ ಬೇಕು.

ರಜಾ ಅರ್ಜಿ ಬರೆಯುವವರು ಕಾಲದ ಲೆಕ್ಕವನ್ನೂ ಗಮನಿಸಿ. ಒಂದು ವಾರದ ರಜೆ ‘ವೀಕ್’ಸ್ ಲೀವ್’. ಎರಡು ವಾರಗಳದ್ದಾದರೆ ಗುರುತು ಎಸ್ ದಾಟಿ ಕೂರುತ್ತದೆ: ಟೂ ವೀಕ್ಸ್’ ಲೀವ್.