ಭಯಂಕರ ರೂಪವನ್ನು ಇಂಗ್ಲಿಷಿನಲ್ಲಿ ವರ್ಣಿಸುವುದು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಉಗ್ರನರಸಿಂಹನಿದ್ದಾನೆ. ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡು ಹೊಟ್ಟೆ ಬಗೆಯುತ್ತಿರುವ ರೂಪ. ಮಕ್ಕಳ ಇಂಗ್ಲಿಷ್ ಪ್ರಬಂಧದಲ್ಲಿ ಇದೆಲ್ಲ ‘ಇಟ್ ಈಸ್ ವೆರಿ ಡೇಂಜರಸ್’ ಎಂಬಷ್ಟಕ್ಕೇ ಮುಗಿದುಬಿಡುತ್ತದೆ. ಡೇಂಜರಸ್ ಎಂದರೆ ಅಪಾಯಕಾರಿ. ಕಲ್ಲಿನ ಮೂರ್ತಿಯಿಂದ ಯಾರಿಗೇನು ಅಪಾಯ? ಇಲ್ಲಿಗೆ ‘ಫಿಯರ್ಸ್’ (ಉಗ್ರ) ಅಥವಾ ‘ಟೆರಿಫೈಯಿಂಗ್’ (ದಿಗಿಲು ಹುಟ್ಟಿಸುವ) ಸರಿ. ‘ಟೆರಿಫಿಕ್’ ಅಂತೂ ಬೇಡವೇ ಬೇಡ, ಈಗಿನ ಬಳಕೆಯಲ್ಲಿ ಅದು ಹೊಗಳಿಕೆ.

ಭಯದ ಬಗೆ ನೋಡಿ ಪದ ಆರಿಸಿ. ರಕ್ತ, ಗಾಯ, ಕರುಳು ಕಂಡರೆ ‘ಗ್ರೂಸಮ್’. ಎಲುಬು ಎದ್ದು ಕಾಣುವ ಬೇತಾಳನಿಗೆ ‘ಗಾಂಟ್’. ಒಳಗೆ ಕೇಡು ಬಚ್ಚಿಟ್ಟುಕೊಂಡಂಥ ನಗುವಿಗೆ ‘ಸಿನಿಸ್ಟರ್’. ‘ಈರಿ’ (ವಿಚಿತ್ರವಾಗಿ ಭಯ ಹುಟ್ಟಿಸುವ) ಹೆಚ್ಚಾಗಿ ಜಾಗಕ್ಕೆ, ಸದ್ದಿಗೆ, ಬೆಳಕಿಗೆ ಸಲ್ಲುವ ಪದ: ಮುಳ್ಳಯ್ಯನಗಿರಿಯ ಮಂಜಿಗೆ ಒಪ್ಪುತ್ತದೆ, ರಾಕ್ಷಸನ ಕೋರೆಹಲ್ಲಿಗೆ ಒಪ್ಪುವುದಿಲ್ಲ. ಇಂಥ ಪದ ಒಂದು ರೂಪಕ್ಕೆ ಒಂದು ಸಾಕು. ಮೂರು ಪೇರಿಸಿದರೆ ಓದುವವರಿಗೆ ಯಾವುದೂ ಕಾಣುವುದಿಲ್ಲ.

ನಿಜವಾಗಿ ಹೆದರಿಸುವುದು ಅಂಗಾಂಗದ ವಿವರ. ‘ಎ ಲಯನ್-ಫೇಸ್ಡ್ ಗಾಡ್’ ಎಂದು ಶುರುಮಾಡಿ. ‘ವಿತ್ ಬಲ್ಜಿಂಗ್ ಐಸ್ ಅಂಡ್ ಬೇರ್ಡ್ ಫ್ಯಾಂಗ್ಸ್’ ಎಂದು ಕಣ್ಣು, ಹಲ್ಲು ಸೇರಿಸಿ. ಕೊನೆಗೆ ಅಲ್ಪವಿರಾಮ ಹಾಕಿ ಕೈಗಳು ಮಾಡುತ್ತಿರುವ ಕೆಲಸ ತನ್ನಿ: ‘ಹಿಸ್ ಕ್ಲಾಸ್ ಟೇರಿಂಗ್ ಓಪನ್ ದ ಡೀಮನ್ಸ್ ಬೆಲ್ಲಿ’ (ಉಗುರುಗಳು ರಾಕ್ಷಸನ ಹೊಟ್ಟೆ ಬಗೆಯುತ್ತಾ). ಈ ಕೊನೆಯ ತುಂಡಿನಲ್ಲಿ ‘ಆರ್’ ಎಂಬ ಕ್ರಿಯಾಪದ ಸೇರಿಸಬೇಡಿ. ಸೇರಿಸಿದರೆ ಅದು ಬೇರೆ ವಾಕ್ಯವಾಗಿ, ಅಲ್ಪವಿರಾಮ ತಪ್ಪಾಗುತ್ತದೆ. ಜೋಡುಪದದಲ್ಲಿ ‘ಫೇಸ್’ ಅಲ್ಲ, ‘ಫೇಸ್ಡ್’. ನಡುವೆ ಅಡ್ಡಗೆರೆ ಇರಲಿ. ‘ವೈಲ್ಡ್-ಹೇರ್ಡ್’ (ಕೆದರಿದ ಕೂದಲಿನ), ‘ಹಾಲೋ-ಚೀಕ್ಡ್’ (ಗುಳಿಬಿದ್ದ ಕೆನ್ನೆಯ), ‘ಶಾರ್ಪ್-ಕ್ಲಾಡ್’ (ಚೂಪು ಉಗುರಿನ) ಎಲ್ಲವೂ ಇದೇ ಅಚ್ಚು. ವಿಶೇಷಣಗಳು ಸಾಲಾಗಿ ಬಂದರೆ ಸಂಖ್ಯೆ, ಗಾತ್ರ, ಆಕಾರ, ಬಣ್ಣ ಈ ಕ್ರಮ: ‘ಟೂ ಲಾಂಗ್ ಕರ್ವ್ಡ್ ವೈಟ್ ಫ್ಯಾಂಗ್ಸ್’.

ಹೆದರಿಸುವ ಮುಖ ‘ಫ್ರೈಟನಿಂಗ್’, ಹೆದರಿದ ಮುಖ ‘ಫ್ರೈಟನ್ಡ್’. ಇದು ಅದಲುಬದಲಾದರೆ ರಾಕ್ಷಸನೇ ಹೆದರಿದಂತಾಗುತ್ತದೆ.

ಇನ್ನೊಂದು ತಪ್ಪು ನಮ್ಮ ಕನ್ನಡದಿಂದಲೇ ಬರುತ್ತದೆ. ‘ಉಗ್ರವಾಗಿ ಕಾಣುತ್ತಾನೆ’ ಎಂದು ಮನಸ್ಸಿನಲ್ಲಿಟ್ಟುಕೊಂಡು ‘ಹಿ ಲುಕ್ಸ್ ಫಿಯರ್ಸ್‌ಲಿ’ ಎಂದು ಬರೆಯುತ್ತೇವೆ. ಅದರರ್ಥ ಉಗ್ರವಾಗಿ ನೋಡುತ್ತಾನೆ ಎಂದಾಗುತ್ತದೆ. ಕಾಣುವುದನ್ನು ಹೇಳಲು ‘ಹಿ ಲುಕ್ಸ್ ಫಿಯರ್ಸ್’ ಎಂದೇ ಬರೆಯಬೇಕು. ‘ಘಾಸ್ಟ್‌ಲಿ’ (ಭೀಕರ) ಮಾತ್ರ ‘ಲಿ’ಯಲ್ಲಿ ಮುಗಿದರೂ ವಿಶೇಷಣವೇ, ‘ಹಿ ಲುಕ್ಸ್ ಘಾಸ್ಟ್‌ಲಿ’ ಎಂದರೆ ತಪ್ಪಿಲ್ಲ. ಆದರೆ ಬದುಕಿರುವವರ ಬಗ್ಗೆ ಹೇಳಿದಾಗ ಕಾಯಿಲೆ ಬಿದ್ದು ಬಿಳಿಚಿಕೊಂಡಿದ್ದಾರೆ ಎಂಬ ಅರ್ಥವೂ ಬರುತ್ತದೆ.