ವೆಟರ್ನರಿ ಓದಬೇಕಾ? ಮೊದಲು ಕೊಟ್ಟಿಗೆಗೆ ಹೋಗಿ

ಪಿಯುಸಿಯಲ್ಲಿ ಪಿಸಿಬಿ (ಭೌತ, ರಸಾಯನ, ಜೀವಶಾಸ್ತ್ರ) ತಗೊಂಡ ಮಕ್ಕಳ ಮನೆಯಲ್ಲಿ ಒಂದೇ ಮಾತು: ಎಂಬಿಬಿಎಸ್ ಸಿಗದಿದ್ದರೆ ವೆಟರ್ನರಿ. ಹಾಗೆ ಬಂದವರೂ ಚೆನ್ನಾಗಿ ಓದುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹಸುವಿನ ಪಕ್ಕ ನಿಲ್ಲೋಕೇ ಹಿಂಜರಿಯುವವರಿಗೆ ಈ ಕೋರ್ಸು ತುಂಬಾ ಉದ್ದ. ಸೀಟಿನ ಲೆಕ್ಕ ಹಾಕುವ ಮೊದಲು ನಿಮ್ಮೂರಿನ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರನ್ನು ಕೇಳಿಕೊಂಡು ಒಂದು ವಾರ ಜೊತೆಗೆ ಓಡಾಡಿ. ಕರು ಹಾಕಿ ಎರಡು ದಿನವಾದರೂ ಕಸ, ಅಂದರೆ ಮಾಸು, ಬೀಳದ ಎಮ್ಮೆಯ ಹತ್ತಿರ ನಿಂತರೆ, ಆ ವಾಸನೆ ತಡೆದುಕೊಳ್ಳೋಕೆ ಆಗುತ್ತೋ ಇಲ್ವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಪದವಿಯ ಹೆಸರು ಬಿವಿಎಸ್‌ಸಿ ಅಂಡ್ ಎಎಚ್, ಅಂದರೆ ಪಶುವೈದ್ಯಕೀಯ ಮತ್ತು ಪಶುಪಾಲನೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಕೆಳಗೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ ಮುಂತಾದ ಕಡೆ ಕಾಲೇಜುಗಳಿವೆ. ಹೆಬ್ಬಾಳದ್ದೇ ಹಳೆಯದು, 1958ರದ್ದು. ರಾಜ್ಯದ ಸೀಟು ಸಿಇಟಿ ರ‍್ಯಾಂಕಿನ ಮೇಲೆ. 15% ಅಖಿಲ ಭಾರತ ಕೋಟಾಕ್ಕೆ ನೀಟ್ ಬೇಕು. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬ್ರೋಷರನ್ನೇ ನೋಡಿ, ಸೀನಿಯರ್ ಹೇಳಿದ್ದನ್ನಲ್ಲ. ಇನ್ನೊಂದು ಮಾತು. ಪಶುಪಾಲನೆ ಡಿಪ್ಲೊಮಾ ಮಾಡಿದವರು ಡಾಕ್ಟರ್ ಆಗೋದಿಲ್ಲ. ಬಿವಿಎಸ್‌ಸಿ ಮುಗಿಸಿ ವೆಟರ್ನರಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದರೇನೇ ಸ್ವಂತ ಪ್ರಾಕ್ಟೀಸ್. ದುಡ್ಡು ಕಟ್ಟುವ ಮೊದಲೇ ಇದು ತಲೆಯಲ್ಲಿರಲಿ.

ಮೊದಲ ವರ್ಷ ಎಲ್ಲರೂ ಸೋಲೋದು ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಪಾಠದಲ್ಲಿ. ಹಸುವನ್ನು ಆಧಾರವಾಗಿಟ್ಟುಕೊಂಡು ಕುದುರೆ, ನಾಯಿ, ಹಂದಿ, ಕೋಳಿ ಎಲ್ಲಿ ಬೇರೆ ಅಂತ ಓದಬೇಕು. ನೋಟ್ಸ್ ಬಾಯಿಪಾಠ ಮಾಡಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ. ಮೂಳೆ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, ಇದು ಎಡಗಡೆಯದ್ದಾ ಬಲಗಡೆಯದ್ದಾ ಅಂತ ಬೆರಳಲ್ಲೇ ಹೇಳುವಷ್ಟು ಅಭ್ಯಾಸ ಮಾಡಿ. ಕೊಟ್ಟಿಗೆ ಡ್ಯೂಟಿಯನ್ನು ಅಟೆಂಡೆನ್ಸ್‌ಗೆ ಅಂತ ಮಾಡಬೇಡಿ. ಹಸು ಬೆದೆಗೆ ಬಂದಿದೆ ಅಂತ ಹಾಲು ಕರೆಯೋ ಅಣ್ಣನಿಗೆ ಪ್ರೊಫೆಸರಿಗಿಂತ ಮೊದಲು ಗೊತ್ತಾಗುತ್ತದೆ. ಹೇಗೆ ಗೊತ್ತಾಯ್ತು ಅಂತ ಅವರನ್ನೇ ಕೇಳಿ.

ಇನ್ನು ಕೋಳಿ ವಿಷಯ. ಇದನ್ನು ಬಹಳ ಜನ ಪರೀಕ್ಷೆಗೆ ಮಾತ್ರ ಓದಿ ಬಿಡ್ತಾರೆ, ನನಗಂತೂ ಅದು ಬೇಜಾರಿನ ಸಂಗತಿ. ಗಿರಿರಾಜ, ಸ್ವರ್ಣಧಾರ ತಳಿಗಳು ಬಂದಿದ್ದು ಹೆಬ್ಬಾಳದಿಂದಲೇ ಅಲ್ವಾ? ಬ್ರೂಡಿಂಗ್, ಅಂದರೆ ಮರಿಗಳಿಗೆ ಕಾವು ಕೊಡೋದು, ಅರ್ಥ ಆಗಬೇಕಾದರೆ ಫಾರ್ಮಿನಲ್ಲಿ ಒಂದು ರಾತ್ರಿ ನಿಲ್ಲಿ. ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು ಅಂತ ಪುಸ್ತಕದಲ್ಲಿದೆ. ಆದರೆ ಥರ್ಮಾಮೀಟರ್‌ಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಗೋಡೆ ಕಡೆ ಓಡಿ ಬಾಯಿ ಬಿಡುತ್ತಿದ್ದರೆ ಸೆಕೆ, ಎಲ್ಲ ಕಡೆ ಹರಡಿಕೊಂಡು ತಿನ್ನುತ್ತಿದ್ದರೆ ನೀವು ಹೋಗಿ ಮಲಗಬಹುದು.

ಸತ್ತ ಕೋಳಿಯನ್ನು ಕೊಯ್ದು ನೋಡುವ ಅವಕಾಶ ಸಿಕ್ಕಾಗಲೆಲ್ಲ ಮೇಷ್ಟ್ರ ಜೊತೆ ನಿಲ್ಲಿ, ಗ್ಲೌಸ್ ಮಾಸ್ಕ್ ಹಾಕಿಕೊಂಡು. ರೆಕ್ಕೆಪುಕ್ಕ ಹಾರದ ಹಾಗೆ ಮೊದಲು ಸೋಪಿನ ನೀರಲ್ಲಿ ನೆನೆಸಿ. ಗಿಜಾರ್ಡಿಗಿಂತ (ಮೇವು ಅರೆಯುವ ಹೊಟ್ಟೆಗಿಂತ) ಮುಂಚೆ ಬರುವ ಜಠರವನ್ನು ಸೀಳಿ, ಒಳಗಿನ ಗ್ರಂಥಿಗಳ ತುದಿಯಲ್ಲಿ ಕೆಂಪು ಚುಕ್ಕೆ ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ ಬರಬೇಕು. ತೊಡೆಯ ಮಾಂಸದಲ್ಲಿ ರಕ್ತದ ಗೆರೆ, ಗುದದ್ವಾರದ ಹತ್ತಿರದ ಬರ್ಸಾ ಗ್ರಂಥಿ ಊದಿದೆ ಅಂದರೆ ಗಂಬೊರೊ ರೋಗದ ಕಡೆ ಯೋಚಿಸಿ. ಆದರೂ ಲ್ಯಾಬಿಗೆ ಕಳಿಸದೆ ಖಚಿತ ಅನ್ನಬೇಡಿ. ಲೆಕ್ಕವೂ ಬೇಕು. 3.2 ಕೆಜಿ ಮೇವು ತಿಂದು ಹಕ್ಕಿ 2 ಕೆಜಿ ತೂಕ ಹೆಚ್ಚಿಸಿಕೊಂಡರೆ ಎಫ್‌ಸಿಆರ್ (ಒಂದು ಕೆಜಿ ತೂಕಕ್ಕೆ ತಿಂದ ಮೇವು) 1.6. ಅದು ಸ್ವಲ್ಪ ಏರಿದರೂ ಸಾವಿರಾರು ಹಕ್ಕಿ ಸಾಕಿದವರಿಗೆ ಲಾಭ ಕಡಿಮೆಯಾಗುತ್ತದೆ. ಕಂಪನಿ ಇಂಟರ್‌ವ್ಯೂನಲ್ಲೂ ಇದನ್ನೇ ಕೇಳೋದು.

ನಿಮ್ಮ ಮೈ ಕಡೆಗೂ ಗಮನ ಇರಲಿ. ರೇಬಿಸ್ ಲಸಿಕೆಯನ್ನು ಕ್ಲಿನಿಕ್ ಶುರುವಾಗುವ ಮುಂಚೆಯೇ ಹಾಕಿಸಿಕೊಳ್ಳಿ. ಕಂದು ಹಾಕಿದ (ಗರ್ಭಪಾತವಾದ) ಹಸುವಿಗೆ ಬರೀ ಕೈ ಹಾಕಲೇಬೇಡಿ, ಅದಕ್ಕೆ ಕಾರಣವಾಗುವ ಬ್ರುಸೆಲ್ಲಾ ಸೋಂಕು ಮನುಷ್ಯರಿಗೂ ಬರುತ್ತದೆ. ಗುದದ್ವಾರದೊಳಗೆ ಕೈ ಹಾಕಿ ಗರ್ಭ ಪರೀಕ್ಷೆ ಮಾಡೋದು ಕಲಿಯುವಾಗ ಉಗುರು ಕತ್ತರಿಸಿ, ಬಳೆ ಉಂಗುರ ತೆಗೆದಿಟ್ಟು, ಕೈಗೆ ಸಾಕಷ್ಟು ಜಾರುವ ಜೆಲ್ ಹಚ್ಚಿಕೊಳ್ಳಿ. ಹಸು ತಿಣುಕಿದರೆ ತಳ್ಳಬೇಡಿ, ಸುಮ್ನೆ ಕಾಯಿರಿ, ಸಡಿಲವಾಗುತ್ತದೆ. ಮೊದಮೊದಲು ಏನೂ ಸಿಗೋಲ್ಲ, ಬರೀ ಸಗಣಿ. ಎಲ್ಲರಿಗೂ ಹಾಗೇ.

ಇಂಟರ್ನ್‌ಶಿಪ್‌ನಲ್ಲಿ ನಗರದ ನಾಯಿ ಕ್ಲಿನಿಕ್ ಸುಲಭ, ಎಸಿ ಇರುತ್ತದೆ. ನನ್ನ ಸಲಹೆ, ಹಳ್ಳಿ ಪೋಸ್ಟಿಂಗನ್ನು ತಪ್ಪಿಸಿಕೊಳ್ಳಬೇಡಿ. ಗಳಲೆ (ಗಂಟಲು ಬೇನೆ), ಚಪ್ಪೆ ಬೇನೆ, ಕೆಚ್ಚಲು ಬಾವು ಅಂತ ರೈತ ಹೇಳುವಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಎಂದಿನಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿದೆಯಾ, ಹಿಂದಿನ ದಿನ ಏನು ತಿಂದಿತ್ತು ಅಂತ ಕೇಳಿ, ಆಮೇಲೆ ಸ್ಟೆಥೋಸ್ಕೋಪ್ ತೆಗೀರಿ.