ಬೋಟಿನ ಹುಡುಗರಿಗೆ ಟಿಪ್ಸ್: ಎಷ್ಟು, ಯಾವಾಗ, ಯಾರ ಕೈಗೆ?

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಕರಾವಳಿಯಲ್ಲಿ ಇಳಿದು, ಬೋಟು ಬಾಡಿಗೆಗೆ ಹಿಡಿದು, ಸಮುದ್ರದಲ್ಲಿ ಗಾಳ ಹಾಕಿ ಬರುವ ಗುಂಪುಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ಕೈಯಲ್ಲಿ ಕಾಸು ಜಾಸ್ತಿ ಇದ್ದವರು ಅಂಡಮಾನಿಗೋ ಮಾಲ್ದೀವ್ಸಿಗೋ ಹೋಗುತ್ತಾರೆ. ಯಾವ ರಾಡ್, ಯಾವ ರೀಲ್ ಎಂದು ತಿಂಗಳುಗಟ್ಟಲೆ ವಾಟ್ಸ್‌ಆ್ಯಪ್‌ನಲ್ಲಿ ಚರ್ಚೆ ನಡೆಸುವ ಇವರು, ಬೋಟಿನ ಹುಡುಗರಿಗೆ ಏನು ಕೊಡಬೇಕು ಎಂಬುದನ್ನು ಮಾತ್ರ ವಾಪಸು ಬಂದು ಜೆಟ್ಟಿಯ ಮೇಲೆ ನಿಂತಾಗ ಯೋಚಿಸುತ್ತಾರೆ. ಅಷ್ಟರಲ್ಲಿ ಎಲ್ಲರ ಜೇಬಲ್ಲೂ ಒಂದೊಂದು ಐನೂರರ ನೋಟು, ಅದೂ ಒದ್ದೆ. ಇಬ್ಬರ ಫೋನ್ ಆಫ್. ಬಸ್ಸಿಗೆ ಹೊತ್ತಾಗಿದೆ. ಯಾರೋ ಒಬ್ಬರು ಬೋಟು ಓಡಿಸಿದವರ ಕೈಗೆ ಐನೂರು ತುರುಕಿ ‘ಎಲ್ಲ ಹಂಚ್ಕೊಳ್ಳಿ’ ಎಂದು ಹೊರಟುಬಿಡುತ್ತಾರೆ. ಹಿಂದುಗಡೆ ಕೂತು ಇವರದೇ ಮೀನು ಕೊಯ್ಯುತ್ತಿದ್ದ ಹುಡುಗನಿಗೆ ಅದರಲ್ಲಿ ಎಷ್ಟು ಮುಟ್ಟಿತು ಎಂಬುದು ದೇವರಿಗೇ ಗೊತ್ತು.

ಈ ಲೆಕ್ಕ ಬೆಂಗಳೂರು ಬಿಡುವ ಮುಂಚೆಯೇ ಮುಗಿದಿರಬೇಕು.

ಬುಕ್ ಮಾಡುವಾಗ ಕೇಳಿಬಿಡಿ

ಮುಂಗಡ ಕಳಿಸುವ ಹೊತ್ತಿಗೆ ಮೂರು ಪ್ರಶ್ನೆ ಕೇಳಿ: ‘ಬೋಟಲ್ಲಿ ನಿಮ್ಮ ಕಡೆಯವರು ಎಷ್ಟು ಜನ ಇರ್ತಾರೆ? ಓಡಿಸೋರು ಓನರ್ರೇನಾ? ಹುಡುಗರ ಟಿಪ್ಸ್ ಬಾಡಿಗೆಯಲ್ಲೇ ಸೇರಿದೆಯಾ, ನಾವು ಬೇರೆ ಕೊಡಬೇಕಾ?’ ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ನೇರವಾಗಿ ಕೇಳಿದರೆ ನೇರವಾಗಿಯೇ ಹೇಳುತ್ತಾರೆ.

ಎರಡನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ಇಡೀ ಲೆಕ್ಕ ನಿಂತಿದೆ. ಓನರ್ರೇ ಓಡಿಸುವುದಾದರೆ ಬಾಡಿಗೆಯ ಲಾಭ ಅವರದೇ. ಅವರಿಗೆ ಟಿಪ್ಸ್ ಕೊಡಲೇಬೇಕೆಂದಿಲ್ಲ, ಕೊಟ್ಟರೆ ತಪ್ಪೂ ಇಲ್ಲ. ಸಂಬಳಕ್ಕೋ ದಿನಗೂಲಿಗೋ ಬಂದವರಾದರೆ ಅವರಿಗೂ ಪಾಲಿರಬೇಕು. ಡೆಕ್ ಮೇಲಿನ ಹುಡುಗರು, ಕರಾವಳಿಯಲ್ಲಿ ಕಲಾಸಿಗಳು ಎನ್ನುತ್ತಾರಲ್ಲ, ಅವರಿಗಂತೂ ಎರಡೂ ಸಂದರ್ಭದಲ್ಲಿ ಕೊಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದು ಮುಗಿದ ಮೇಲೂ ಗಾಳ ಹಾಕಲು ಬರುವ ಗಿರಾಕಿಗಳು ಕಾಣಿಸಿಕೊಳ್ಳುವುದು ಸಮುದ್ರ ತಣ್ಣಗಾದ ನಂತರವೇ. ಹಾಗಾಗಿ ಹುಡುಗರಿಗೆ ಈ ಕೆಲಸದ ಸಂಪಾದನೆ ವರ್ಷಪೂರ್ತಿ ಇರುವುದಿಲ್ಲ.

ಯಾವ ಕೆಲಸಕ್ಕೆ ಈ ದುಡ್ಡು?

‘ಮೀನೇ ಬೀಳಲಿಲ್ಲ, ಟಿಪ್ಸ್ ಯಾಕೆ?’ ಎಂಬ ಮಾತು ಬಸ್ಸಿನಲ್ಲಿ ಆಗಾಗ ಕೇಳಿಬರುತ್ತದೆ. ಬೋಟಿನಲ್ಲಿ ಏನೇನು ನಡೆಯುತ್ತದೆ ಎಂದು ಗಮನಿಸಿದವರು ಈ ಮಾತಾಡುವುದಿಲ್ಲ.

ಜಿಗ್ಗಿಂಗ್ ತೆಗೆದುಕೊಳ್ಳಿ. ಜಿಗ್ ಎಂಬ ಲೋಹದ ಹುಸಿಮೀನನ್ನು ಆಳದ ಬಂಡೆಯವರೆಗೆ ಇಳಿಸಿ ಮೇಲಕ್ಕೆ ಜಗ್ಗುವ ಈ ವಿಧಾನದಲ್ಲಿ ದಾರ ನೆಟ್ಟಗೆ ಇಳಿಯಬೇಕು. ಗಾಳಿ ಒಂದು ಕಡೆ, ನೀರಿನ ಸೆಳೆತ ಇನ್ನೊಂದು ಕಡೆ ಬೋಟನ್ನು ಎಳೆಯುತ್ತಿರುತ್ತವೆ. ದಾರ ಓರೆಯಾದರೆ ಜಿಗ್ ತಳ ಮುಟ್ಟುವುದಿಲ್ಲ, ಮುಟ್ಟಿದರೂ ಬಂಡೆಗೆ ಸಿಕ್ಕಿಕೊಂಡು ತುಂಡಾಗುತ್ತದೆ. ಓಡಿಸುವವರು ನೀರಿನ ಆಳ, ತಳ ತೋರಿಸುವ ಸೌಂಡರ್ ಪರದೆಯ ಮೇಲೆ ಒಂದು ಕಣ್ಣಿಟ್ಟು, ಎಂಜಿನ್ನನ್ನು ಒಂದು ಕ್ಷಣ ಮುಂದಕ್ಕೆ, ಒಂದು ಕ್ಷಣ ಹಿಂದಕ್ಕೆ ಹಾಕುತ್ತ, ಅದೇ ಬಂಡೆಯ ನೆತ್ತಿಯ ಮೇಲೆ ಬೋಟನ್ನು ಹಿಡಿದು ನಿಲ್ಲಿಸುತ್ತಾರೆ. ಮೀನು ಕಚ್ಚಲಿ ಬಿಡಲಿ, ಈ ಕೆಲಸ ದಿನವಿಡೀ ಬಿಡುವಿಲ್ಲದೆ ನಡೆಯುತ್ತದೆ.

ಇನ್ನು ಡೆಕ್ಕಿನ ಹುಡುಗನ ಕೈ ನೋಡಿ. ದೊಡ್ಡ ಟ್ರೆವಲಿಯೊಂದು ಬೋಟಿನ ಪಕ್ಕಕ್ಕೆ ಬಂದಾಗ ಅವನು ಗ್ಲೌಸ್ ಹಾಕಿದ ಅಂಗೈಗೆ ಲೀಡರನ್ನು, ಅಂದರೆ ಗಾಳದ ತುದಿಯ ದಪ್ಪ ದಾರವನ್ನು, ಒಂದು ಸುತ್ತು ಸುತ್ತಿ ಮೀನನ್ನು ಹತ್ತಿರಕ್ಕೆಳೆಯುತ್ತಾನೆ. ಮೀನು ಆ ಹೊತ್ತಿಗೆ ತಿರುಗಿ ಕೆಳಕ್ಕೆ ನುಗ್ಗಿದರೆ ಸುತ್ತು ತಕ್ಷಣ ಬಿಚ್ಚಿಕೊಳ್ಳುವ ಹಾಗಿರಬೇಕು. ಇಲ್ಲದಿದ್ದರೆ ದಪ್ಪ ನೈಲಾನ್ ದಾರ ಗ್ಲೌಸಿನ ಸಮೇತ ಬೆರಳನ್ನೇ ಸೀಳುತ್ತದೆ. ಒದ್ದಾಡುವ ಮೀನಿನ ಬಾಯಿಂದ ಮೂರು ಮೊನೆಯ ಗಾಳವನ್ನು ಇಕ್ಕಳದಲ್ಲಿ ಬಿಡಿಸುವವನೂ ಅವನೇ. ಅಲೆಗೆ ಹೊಟ್ಟೆ ತೊಳಸಿ ನೀವು ವಾಂತಿ ಮಾಡಿಕೊಂಡರೆ ಬಕೆಟ್ಟಲ್ಲಿ ನೀರೆತ್ತಿ ತೊಳೆಯುವವನೂ ಅವನೇ. ನೀವು ಏಳುವ ಮುಂಚೆ ಡೀಸೆಲ್, ಐಸ್, ಗಾಳಕ್ಕೆ ಸಿಕ್ಕಿಸುವ ಬೈಟು ತುಂಬಿಸಿರುತ್ತಾನೆ. ನೀವು ಹೋದ ಮೇಲೆ ರಾಡು ರೀಲುಗಳ ಉಪ್ಪನ್ನು ಸಿಹಿನೀರಲ್ಲಿ ತೊಳೆದು ಬೋಟು ತಿಕ್ಕುತ್ತಾನೆ. ಆರು ಗಂಟೆಯ ಟ್ರಿಪ್ಪು ಅವನ ಪಾಲಿಗೆ ಒಂಬತ್ತು ಗಂಟೆಯ ದುಡಿಮೆ.

ಎಷ್ಟು?

ನಮ್ಮಲ್ಲಿ ಇದಕ್ಕೆ ಗಟ್ಟಿ ರೂಢಿಯೇನೂ ಇಲ್ಲ. ಬೋಟಿನ ಬಾಡಿಗೆಯ ಶೇ 10ರಷ್ಟನ್ನು ಎತ್ತಿಡಿ ಎಂಬುದು ಇಲ್ಲಿನ ಸಲಹೆ. ಕೆಲಸ ಎದ್ದು ಕಾಣುವಂತಿದ್ದರೆ ಶೇ 15. ಮೀನಿನ ಸೈಜಿಗೂ ಇದಕ್ಕೂ ಗಂಟು ಹಾಕಬೇಡಿ.

ಆರು ಜನ ಸೇರಿ ₹24,000ಕ್ಕೆ ಬೋಟು ಹಿಡಿದಿದ್ದೀರಿ ಎಂದಿಟ್ಟುಕೊಳ್ಳಿ. ಶೇ 10 ಎಂದರೆ ₹2,400, ತಲೆಗೆ ₹400. ಓಡಿಸುವವರೊಬ್ಬರು, ಹುಡುಗರಿಬ್ಬರು, ಮೂವರೂ ಕೂಲಿಯವರಾದರೆ ಒಬ್ಬೊಬ್ಬರಿಗೆ ₹800. ಓಡಿಸುವವರೇ ಓನರ್ ಆಗಿದ್ದರೆ ಹುಡುಗರಿಬ್ಬರಿಗೆ ₹1,200ರಂತೆ. ಬಾಡಿಗೆ ತೀರಾ ಅಗ್ಗವಾಗಿದ್ದಾಗ, ಉದಾಹರಣೆಗೆ ₹4,000ಕ್ಕೆ ಎರಡು ಗಂಟೆ ಸಣ್ಣ ದೋಣಿ ಹಿಡಿದಾಗ, ಶೇಕಡಾವಾರು ಲೆಕ್ಕ ಬಿಟ್ಟುಬಿಡಿ. ಇಬ್ಬರು ಹುಡುಗರಿಗೆ ₹200ರಂತೆ ಹಂಚಿ ಕೈತೊಳೆದುಕೊಳ್ಳುವುದು ಚೆನ್ನಾಗಿರುವುದಿಲ್ಲ, ತಲಾ ₹300–400 ಆದರೂ ಇರಲಿ.

ಅಂಡಮಾನಿನ ಮೂರು–ನಾಲ್ಕು ದಿನದ ಪ್ಯಾಕೇಜುಗಳಲ್ಲಿ ಎಡವುವುದು ಬೇರೆ ಜಾಗದಲ್ಲಿ. ಪ್ಯಾಕೇಜಿನ ಮೊತ್ತದಲ್ಲಿ ರೂಮು, ಊಟ, ಏರ್‌ಪೋರ್ಟ್ ಪಿಕಪ್ ಎಲ್ಲ ಸೇರಿರುತ್ತದೆ. ಬೋಟಿನ ಭಾಗ ಎಷ್ಟೆಂದು ಬಿಡಿಸಿ ಕೇಳಿ, ಅದರ ಮೇಲಷ್ಟೇ ಲೆಕ್ಕ ಹಾಕಿ. ಅಲ್ಲಿ ಗೈಡ್ ಒಬ್ಬರು ಬೇರೆ ಇರುತ್ತಾರೆ: ಗಂಟು ಹಾಕುವುದು, ಪಾಪ್ಪರ್ (ನೀರಿನ ಮೇಲೆ ತೇಲುವ ಹುಸಿಮೀನು) ಎಸೆಯುವ ರೀತಿ ಕಲಿಸುವುದು ಅವರ ಪಾಲು. ಅವರನ್ನೂ ಎಣಿಕೆಗೆ ಸೇರಿಸಿ. ದಿನಕ್ಕೊಂದು ಬೋಟು, ದಿನಕ್ಕೊಬ್ಬ ಹುಡುಗ ಬದಲಾಗುವುದಾದರೆ ಕೊನೆಯ ದಿನಕ್ಕೆ ಕಾಯದೆ ಆಯಾ ಸಂಜೆಯೇ ಕೊಡಬೇಕು. ಕೊನೆಯ ದಿನ ಇದ್ದವನಿಗೆ ನಾಲ್ಕು ದಿನದ್ದೂ ಸಿಕ್ಕಿ, ಮೊದಲ ದಿನ ಬೆವರು ಹರಿಸಿದವನಿಗೆ ಸೊನ್ನೆಯಾಗುವುದು ಮಾಮೂಲಿ ಎಡವಟ್ಟು.

ನೋಟು, ಕವರು, ಯುಪಿಐ

ಗುಂಪಿನಲ್ಲೊಬ್ಬರನ್ನು ಖಜಾಂಚಿ ಮಾಡಿ. ಬಾಡಿಗೆಯ ಪಾಲು ಕೇಳುವಾಗಲೇ ಟಿಪ್ಸಿನ ₹400 ಸೇರಿಸಿ ವಸೂಲು ಮಾಡಲಿ. ದಡಕ್ಕೆ ಬಂದ ಮೇಲೆ ಕೇಳಿದರೆ ಬಂಗುಡೆಯೂ ಬೀಳದವರು ಜೇಬಿಗೆ ಕೈ ಹಾಕಲು ಹಿಂದೆಮುಂದೆ ನೋಡುತ್ತಾರೆ; ಅದು ಮನುಷ್ಯಸಹಜ.

ನೋಟುಗಳು ನೂರು, ಇನ್ನೂರರವೇ ಆಗಿರಲಿ. ಎಟಿಎಂ ಐನೂರನ್ನೇ ಕೊಟ್ಟರೆ ಬ್ಯಾಂಕಿನ ಕೌಂಟರಿನಲ್ಲಿ ಚಿಲ್ಲರೆ ಕೇಳಿ, ಇಲ್ಲವೇ ದಾರಿಯ ಪೆಟ್ರೋಲ್ ಬಂಕಿನಲ್ಲಿ ಮುರಿಸಿಕೊಳ್ಳಿ. ಬೆಳಗಿನ ಐದು ಗಂಟೆಗೆ ಬಂದರಿನಲ್ಲಿ ಚಿಲ್ಲರೆ ಹುಡುಕುವ ಗೋಳು ಬೇಡ. ಹೆಸರು ಗೊತ್ತಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕವರ್ ಮಾಡಿ. ಗಾಂಧಿ ಬಜಾರ್, ಮಲ್ಲೇಶ್ವರದ ಅಂಗಡಿಗಳಲ್ಲಿ ಮುಯ್ಯಿಗೆಂದು ಮಾರುವ, ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರಾದರೂ ನಡೆದೀತು. ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಟ್ಟೆಯ ಬ್ಯಾಗಿನ ತಳಕ್ಕೆ ತಳ್ಳಿ. ಪ್ಯಾಂಟಿನ ಜೇಬಲ್ಲಿಟ್ಟರೆ ಉಪ್ಪುನೀರಿಗೆ ಮೆತ್ತಗಾಗಿರುತ್ತದೆ.

‘ಯುಪಿಐ ಇದೆಯಲ್ಲ’ ಎನ್ನುವವರಿಗೆ ಎರಡು ತೊಡಕಿವೆ. ದಡ ಬಿಟ್ಟು ದೂರ ಹೋದಂತೆ ಸಿಗ್ನಲ್ ಸಾಯುತ್ತದೆ, ಜೆಟ್ಟಿಯಲ್ಲೂ ಕೆಲವೊಮ್ಮೆ ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡದು: ಬೋಟಿನಲ್ಲಿ ಅಂಟಿಸಿರುವ ಕ್ಯೂಆರ್ ಓನರ್ ಅಥವಾ ಕಂಪನಿಯ ಖಾತೆಯದು. ಅಲ್ಲಿಗೆ ಹಾಕಿದ ದುಡ್ಡು ಬಾಡಿಗೆಯ ಲೆಕ್ಕದಲ್ಲಿ ಕರಗಿಹೋಗುತ್ತದೆ. ಯುಪಿಐ ಮಾಡಲೇಬೇಕಿದ್ದರೆ ಹುಡುಗನ ಸ್ವಂತ ನಂಬರ್ ಕೇಳಿ, ಪರದೆಯಲ್ಲಿ ಮೂಡುವ ಹೆಸರನ್ನು ಅವನಿಗೇ ತೋರಿಸಿ, ಆಮೇಲೆ ಒತ್ತಿ.

ಕೊಡುವ ಹೊತ್ತು

ಬೋಟು ಕಟ್ಟಿದ ಮೇಲೆ, ನಿಮ್ಮ ಸಾಮಾನು ಇಳಿದ ಮೇಲೆ, ಮೀನು ಕೊಯ್ದು ಐಸ್ ಬಾಕ್ಸಿಗೆ ತುಂಬಿದ ಮೇಲೆ. ಅವರು ಬೋಟು ತೊಳೆಯಲು ಶುರುಮಾಡುವುದಕ್ಕಿಂತ ಮುಂಚೆ. ಈ ನಡುವಿನ ಐದು ನಿಮಿಷವೇ ಸರಿಯಾದ ಸಮಯ. ಹೊರಡುವ ಮುಂಚೆಯೇ ಕೈಬಿಸಿ ಮಾಡಿ ‘ಚೆನ್ನಾಗಿ ನೋಡ್ಕೊಳ್ಳಿ’ ಎನ್ನುವುದು ಬೇಡ. ಆಗ ಅದು ಲಂಚದ ವಾಸನೆ ಹೊಡೆಯುತ್ತದೆ.

ಕೆಲವು ಬೋಟುಗಳಲ್ಲಿ ಬಂದದ್ದೆಲ್ಲವನ್ನೂ ಒಂದೆಡೆ ಸೇರಿಸಿ ಹಂಚಿಕೊಳ್ಳುವ ಪದ್ಧತಿ ಇದೆ. ವಾಪಸು ಬರುವ ದಾರಿಯಲ್ಲಿ ಓಡಿಸುವವರನ್ನೇ ಕೇಳಿ: ‘ಅಣ್ಣ, ಒಟ್ಟಿಗೆ ಕೊಡೋದಾ, ಬೇರೆ ಬೇರೆ ಕೊಡೋದಾ?’ ಒಟ್ಟಿಗೆ ಎಂದರೆ ಹುಡುಗರ ಎದುರಲ್ಲೇ, ಮೊತ್ತ ಬಾಯಿಬಿಟ್ಟು ಹೇಳಿ ಕೊಡಿ: ‘ಎರಡು ಸಾವಿರದ ನಾನೂರು ಇದೆ, ಮೂರೂ ಜನಕ್ಕೆ.’ ಗಟ್ಟಿಯಾಗಿ ಹೇಳಿದ ಮೊತ್ತ ದಾರಿ ತಪ್ಪುವುದಿಲ್ಲ. ಬೇರೆ ಬೇರೆ ಎಂದರೆ ಹೆಸರು ಹಿಡಿದು ಕರೆದು ಬಲಗೈಯಲ್ಲಿ ಕೊಡಿ. ಎಸೆಯುವುದು, ಜೇಬಿಗೆ ತುರುಕುವುದು, ಕೊಡುವುದನ್ನು ಫೋಟೊ ಹೊಡೆಯುವುದು ಮರ್ಯಾದೆಯಲ್ಲ.

ದುಡ್ಡಿನ ಬದಲು ಬಿಯರ್ ಕೊಡುವವರಿದ್ದಾರೆ. ಬೇಡವೇ ಬೇಡ, ಮಾಲ್ದೀವ್ಸಿನಲ್ಲಂತೂ ಅಲ್ಲಿನ ಪ್ರಜೆಗಳಿಗೆ ಮದ್ಯ ಕಾನೂನುಬಾಹಿರ. ಉಳಿದ ಜಿಗ್ಗು, ಬಳಸದ ದಾರದ ಸ್ಪೂಲ್, ಒಳ್ಳೆಯ ಗ್ಲೌಸು ಕೊಟ್ಟರೆ ಹುಡುಗರು ಖುಷಿಪಡುತ್ತಾರೆ, ಆದರೆ ಅದು ದುಡ್ಡಿನ ಜೊತೆಗೆ, ದುಡ್ಡಿನ ಬದಲಿಗಲ್ಲ. ಹಿಡಿದ ಅಂಜಲ್‌ನಲ್ಲಿ ಅರ್ಧ ಬಿಟ್ಟುಬಂದೆವು ಎಂಬುದೂ ಟಿಪ್ಸ್ ಅಲ್ಲ. ಮೀನು ಗಿರಾಕಿಯದೋ ಬೋಟಿನವರದೋ ಎಂಬುದನ್ನು ಮುಂಚೆಯೇ ಮಾತಾಡಿಕೊಂಡಿರಬೇಕು. ಎಷ್ಟೋ ಕಡೆ ಅದು ಬೋಟಿನದ್ದೇ.

ದಿನ ಕೆಟ್ಟಾಗ

ಸಮುದ್ರ ಎದ್ದಿತೆಂದು ಓಡಿಸುವವರು ಹೊರಟ ಎರಡೇ ಗಂಟೆಯಲ್ಲಿ ಬೋಟು ತಿರುಗಿಸಿದರೆ ಅದಕ್ಕೆ ಟಿಪ್ಸ್ ಕಡಿಮೆ ಮಾಡಬೇಡಿ; ನಿಮ್ಮನ್ನು ಒಣಗಿದ ಬಟ್ಟೆಯಲ್ಲಿ ದಡ ಮುಟ್ಟಿಸಿದ್ದು ಅದೇ ತೀರ್ಮಾನ. ಎಂಜಿನ್ ಕೆಟ್ಟು ನಿಂತಿತೇ? ಆ ಜಗಳ ಓನರ್ ಜೊತೆ, ಬಾಡಿಗೆ ವಾಪಸಿನ ಮಾತಾಗಿ ನಡೆಯಲಿ. ಹುಡುಗರ ಪಾಲು ಬೇರೆ. ನಿಮ್ಮ ಕೈಯಲ್ಲಿ ಬಾಡಿಗೆ ರಾಡ್ ಮುರಿದರೆ ಅದರ ಬೆಲೆಯನ್ನೂ ಟಿಪ್ಸಿನಿಂದ ಕಳೆಯುವಂತಿಲ್ಲ.

ಹಾಗೆಂದು ಎಲ್ಲದಕ್ಕೂ ಕೊಡಬೇಕೆಂದಿಲ್ಲ. ದಿನವಿಡೀ ಫೋನ್ ಹಿಡಿದು ಕೂತವರಿಗೆ, ಕುಡಿದು ಬಂದವರಿಗೆ, ಲೈಫ್ ಜಾಕೆಟ್ ಕೇಳಿದರೆ ನಕ್ಕವರಿಗೆ ಕೊಡಬೇಡಿ. ಕೊಡದಿರುವ ಕಾರಣವನ್ನು ಓನರ್‌ಗೆ ಫೋನಿನಲ್ಲಿ ಹೇಳಿ. ಒಬ್ಬನ ತಪ್ಪಿಗೆ ಇನ್ನೊಬ್ಬನ ಕವರ್ ತೆಳ್ಳಗಾಗದಿರಲಿ.

ಹೊರದೇಶದಲ್ಲಿ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ಅಪ್ಪಂದಿರು ಫ್ಲಾರಿಡಾದಲ್ಲೋ ಇನ್ನೆಲ್ಲೋ ಬೋಟು ಹತ್ತಿದಾಗ ಬೆಚ್ಚಿಬೀಳುವುದು ಇಲ್ಲೇ. ಅಲ್ಲಿ ಚಾರ್ಟರ್ (ಇಡೀ ಬೋಟಿನ) ಬಾಡಿಗೆಯ ಶೇ 15ರಿಂದ 20ರಷ್ಟು ಟಿಪ್ಸ್ ರೂಢಿ, ಮೀನು ಬೀಳದ ದಿನವೂ. 900 ಡಾಲರ್ ಬೋಟಿಗೆ 135ರಿಂದ 180 ಡಾಲರ್. ‘ಮೇಟ್’ ಎನ್ನುವ ಡೆಕ್ಕಿನ ಹುಡುಗನ ಆದಾಯದ ಬಹುಪಾಲು ಅದೇ, ಹಾಗಾಗಿ ದುಡ್ಡನ್ನು ಅವನ ಕೈಗೇ ಕೊಡುತ್ತಾರೆ. ರೂಪಾಯಿಗೆ ಪರಿವರ್ತಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಬೇಡವೆಂದರೆ ಟಿಕೆಟ್ ಕೊಂಡು ಹತ್ತಾರು ಜನರ ಜೊತೆ ಹೋಗುವ ಪಾರ್ಟಿ ಬೋಟ್ ಹಿಡಿಯಿರಿ. 80 ಡಾಲರ್ ಟಿಕೆಟ್ಟಿಗೆ 12ರಿಂದ 16 ಡಾಲರ್‌ನಲ್ಲಿ ಮುಗಿಯುತ್ತದೆ. ಮೀನು ಕೊಯ್ದುಕೊಡಲು ಕೆಲವು ಕಡೆ ಪೌಂಡಿಗಿಷ್ಟು ಎಂದು ಬೇರೆ ದರ ಇರುತ್ತದೆ. ಅದನ್ನು ಟಿಪ್ಸಿನ ಜೊತೆ ಕಲಸಬೇಡಿ.

ಮಾಲ್ದೀವ್ಸಿನ ರೆಸಾರ್ಟುಗಳ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ 10 ಸೇವಾಶುಲ್ಕ ಇರುತ್ತದೆ. ಸಂಜೆಯ ಕೈದಾರದ ಮೀನುಬೇಟೆಗೆ ಅದರ ಮೇಲೆ ದಂಪತಿಗೆ 5–10 ಡಾಲರ್ ಧಾರಾಳವಾಯಿತು. ಸ್ಥಳೀಯ ದ್ವೀಪಗಳ ಗೆಸ್ಟ್‌ಹೌಸಿನಲ್ಲಿ ಉಳಿದರೆ ಸೇವಾಶುಲ್ಕ ಇದೆಯೇ ಎಂದು ಬಿಲ್ ನೋಡಿ. ಎಂ.ಜಿ. ರಸ್ತೆಯಲ್ಲಿ ಡಾಲರ್ ಕೊಳ್ಳುವಾಗ ನೂರರ ನೋಟುಗಳನ್ನೇ ಕೈಗಿಡುತ್ತಾರೆ. ಐದು, ಹತ್ತು, ಇಪ್ಪತ್ತರವನ್ನು ಕೇಳಿ ಪಡೆಯಿರಿ. ಹರಿದ, ಗೀಚಿದ ಡಾಲರ್ ನೋಟನ್ನು ಕೊಟ್ಟರೆ ಅದನ್ನು ಬದಲಾಯಿಸಿಕೊಳ್ಳುವ ತಲೆನೋವು ಹುಡುಗನದಾಗುತ್ತದೆ.

ಮರೆತು ಬಂದುಬಿಟ್ಟರೆ

ನೆಲಮಂಗಲ ಟೋಲ್ ದಾಟಿದ ಮೇಲೆ ಬ್ಯಾಗಿನ ತಳದಲ್ಲಿ ಕವರ್ ಕಂಡರೂ ಕೈಮೀರಿಲ್ಲ. ಓನರ್‌ಗೆ ಫೋನ್ ಮಾಡಿ ಹುಡುಗರ ನಂಬರ್ ಕೇಳಿ, ಅವರವರಿಗೆ ನೇರ ಹಾಕಿ. ನಂಬರ್ ಕೊಡಲು ಹಿಂಜರಿದರೆ ಓನರ್ ಖಾತೆಗೇ ಹಾಕಿ, ವಿವರದ ಜಾಗದಲ್ಲಿ ಹುಡುಗರ ಹೆಸರು ಬರೆಯಿರಿ, ಮಾರನೆಯ ದಿನ ‘ಮುಟ್ಟಿತಾ?’ ಎಂದು ಒಂದು ಮಾತು ವಿಚಾರಿಸಿ. ಆನ್‌ಲೈನಿನಲ್ಲಿ ರಿವ್ಯೂ ಬರೆಯುವವರಾದರೆ ‘ಕ್ರೂ ಚೆನ್ನಾಗಿತ್ತು’ ಎನ್ನುವುದರ ಬದಲು ಯಾರು ಏನು ಮಾಡಿದರು ಎಂದು ಅವರ ಮೊದಲ ಹೆಸರಿನೊಂದಿಗೆ ಬರೆಯಿರಿ. ಮುಂದಿನ ಸೀಸನ್ನಿಗೆ ಯಾರನ್ನು ಉಳಿಸಿಕೊಳ್ಳಬೇಕು ಎಂದು ಓನರ್ ಯೋಚಿಸುವಾಗ ಅದನ್ನೂ ನೋಡುತ್ತಾರೆ.